ಹಾರ್ಮೋನಿಗೆ ಬಗ್ಗದ ಗಡ್ಡೆ: ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಎಪಿಜೆನೆಟಿಕ್ ಕಿಣ್ವಗಳ ಪಾತ್ರವೇನು?

1941ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಚಾರ್ಲ್ಸ್ ಹಗಿನ್ಸ್ ಮತ್ತು ಅವರ ಸಹೋದ್ಯೋಗಿ ಕ್ಲಾರೆನ್ಸ್ ಹಾಜಸ್, ಪ್ರಾಸ್ಟೇಟ್ ಕ್ಯಾನ್ಸರ್ ಪುರುಷ ಹಾರ್ಮೋನಿನ ಬಲದಿಂದ ಬದುಕುತ್ತದೆ ಎಂದು ತೋರಿಸಿದರು. ವೃಷಣಗಳನ್ನು ತೆಗೆದರೆ, ಇಲ್ಲವೇ ಈಸ್ಟ್ರೋಜನ್ ಕೊಟ್ಟರೆ, ರೋಗಿಯ ರಕ್ತದಲ್ಲಿ ಆಸಿಡ್ ಫಾಸ್ಫಟೇಸ್ ಪ್ರಮಾಣ ಇಳಿಯುತ್ತಿತ್ತು, ಮೂಳೆನೋವು ತಗ್ಗುತ್ತಿತ್ತು. 1966ರಲ್ಲಿ ಹಗಿನ್ಸ್ ಅವರಿಗೆ ನೊಬೆಲ್ ಬಂತು. ಹರಡಿದ ಪ್ರಾಸ್ಟೇಟ್ ಕ್ಯಾನ್ಸರಿನ ಚಿಕಿತ್ಸೆಗೆ ಇಂದಿಗೂ ಬುನಾದಿ ಅದೇ. ಹಾರ್ಮೋನು ತಗ್ಗಿಸುವ ದುಬಾರಿ ಚುಚ್ಚುಮದ್ದು ಕೊಳ್ಳಲಾಗದ ಎಷ್ಟೋ ಭಾರತೀಯ ರೋಗಿಗಳಿಗೆ ಇವತ್ತೂ ವೃಷಣ ತೆಗೆಯುವ ಆ ಹಳೆಯ ಶಸ್ತ್ರಚಿಕಿತ್ಸೆಯನ್ನೇ ಮಾಡುತ್ತಾರೆ.

ಆದರೆ ಈ ಉಪಶಮನ ಬಹುಕಾಲ ನಿಲ್ಲುವುದಿಲ್ಲ. ಕೆಲವರಲ್ಲಿ ತಿಂಗಳುಗಳ ನಂತರ, ಕೆಲವರಲ್ಲಿ ವರ್ಷಗಳ ನಂತರ, ರಕ್ತದಲ್ಲಿ ಟೆಸ್ಟೋಸ್ಟೆರಾನ್ ತಳ ಮುಟ್ಟಿರುವಾಗಲೇ ಗಡ್ಡೆ ಮತ್ತೆ ಬೆಳೆಯುತ್ತದೆ. ಹಾರ್ಮೋನಿನ ಬಲವನ್ನು ತಡೆಯುವ ಔಷಧಿಗಳಾದ ಅಬಿರಾಟೆರೋನ್ 2011ರಲ್ಲಿ, ಎನ್ಜಲುಟಮೈಡ್ 2012ರಲ್ಲಿ ಅಮೆರಿಕದಲ್ಲಿ ಮಂಜೂರಾದವು. ಎರಡೂ ರೋಗಿಯ ಆಯಸ್ಸನ್ನು ಹೆಚ್ಚಿಸಿದವು, ಆದರೆ ಗಡ್ಡೆ ಅವುಗಳಿಂದಲೂ ತಪ್ಪಿಸಿಕೊಂಡಿತು. 2020ರಲ್ಲಿ ಜಗತ್ತಿನಾದ್ಯಂತ ಸುಮಾರು 14 ಲಕ್ಷ ಹೊಸ ಪ್ರಕರಣಗಳಿದ್ದವು. 2040ರ ಹೊತ್ತಿಗೆ ಅದು 29 ಲಕ್ಷ ಆಗಬಹುದೆಂದು 2024ರ ಲ್ಯಾನ್ಸೆಟ್ ಆಯೋಗ ಅಂದಾಜು ಮಾಡಿದೆ. ಗಡ್ಡೆ ಹೇಗೆ ತಪ್ಪಿಸಿಕೊಳ್ಳುತ್ತದೆ ಎಂಬ ಪ್ರಶ್ನೆಯ ಹಿಂದೆ ಇಷ್ಟು ಜನರ ಬದುಕಿದೆ.

ಉತ್ತರದ ಒಂದು ಭಾಗ ಡಿಎನ್‌ಎಯ ಅಕ್ಷರಗಳಲ್ಲೇ ಇದೆ. ಪುರುಷ ಹಾರ್ಮೋನನ್ನು ಹಿಡಿಯುವ ಆಂಡ್ರೋಜನ್ ಗ್ರಾಹಿಯ ಜೀನ್ ಹತ್ತಾರು ಪ್ರತಿಗಳಾಗಿ ಹೆಚ್ಚಬಹುದು, ರೂಪಾಂತರ ಹೊಂದಬಹುದು. ಇನ್ನೊಂದು ಭಾಗ ಅಕ್ಷರಗಳಲ್ಲಿ ಸಿಗುವುದಿಲ್ಲ. ಒಬ್ಬನೇ ರೋಗಿಯ ಎರಡು ಗಡ್ಡೆಗಳಲ್ಲಿ ರೂಪಾಂತರಗಳು ಹೆಚ್ಚುಕಡಿಮೆ ಒಂದೇ ಇದ್ದರೂ ಅವುಗಳ ಸ್ವಭಾವ ಬೇರೆಯಾಗಿರಬಹುದು. ಎಪಿಜೆನೆಟಿಕ್ ಕಿಣ್ವಗಳ ಮೇಲೆ ಸಂಶೋಧಕರ ಕಣ್ಣು ಬಿದ್ದದ್ದು ಈ ಕಾರಣಕ್ಕೆ.

ಗುರುತು ಹಾಕುವ ಕಿಣ್ವ, ಅಳಿಸುವ ಕಿಣ್ವ

ಒಂದು ಜೀವಕೋಶದೊಳಗೆ ಸುಮಾರು ಎರಡು ಮೀಟರ್ ಉದ್ದದ ಡಿಎನ್‌ಎ ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿಕೊಂಡಿರುತ್ತದೆ. ಮಡಿಚಿಟ್ಟ ಸೀರೆಯ ಒಳಮಡಿಕೆಯಲ್ಲಿರುವ ಚಿತ್ತಾರ ಕಣ್ಣಿಗೆ ಬೀಳದ ಹಾಗೆ, ಬಿಗಿಯಾಗಿ ಸುತ್ತಿದ ಭಾಗದ ಜೀನುಗಳನ್ನು ಕೋಶ ಓದಲಾರದು. ಯಾವ ಭಾಗ ಬಿಗಿ, ಯಾವುದು ಸಡಿಲ ಎಂಬುದನ್ನು ಸಣ್ಣ ರಾಸಾಯನಿಕ ಗುರುತುಗಳು ತೀರ್ಮಾನಿಸುತ್ತವೆ. ಡಿಎನ್‌ಎಂಟಿ ಕಿಣ್ವಗಳು ಡಿಎನ್‌ಎಗೇ ಮಿಥೈಲ್ ಗುಂಪನ್ನು ಅಂಟಿಸುತ್ತವೆ. ಟೆಟ್ ಕಿಣ್ವಗಳು ಅದನ್ನು ತೆಗೆಯುವ ಹಾದಿ ತೆರೆಯುತ್ತವೆ. ಇಝಡ್‌ಎಚ್2ನಂಥವು ಹಿಸ್ಟೋನಿಗೆ ಮಿಥೈಲ್ ಸೇರಿಸಿದರೆ ಎಲ್‌ಎಸ್‌ಡಿ1ನಂಥವು ಕೀಳುತ್ತವೆ. ಪಿ300 ಅಸಿಟೈಲ್ ಗುಂಪನ್ನು ಸೇರಿಸಿ ಸುತ್ತನ್ನು ಸಡಿಲಿಸುತ್ತದೆ, ಎಚ್‌ಡಿಎಸಿ ಕಿಣ್ವಗಳು ಅದನ್ನು ತೆಗೆಯುತ್ತವೆ. ಇವಲ್ಲದೆ ಎಟಿಪಿಯ ಶಕ್ತಿ ಬಳಸಿ ಹಿಸ್ಟೋನ್ ಉಂಡೆಗಳನ್ನೇ ಪಕ್ಕಕ್ಕೆ ಸರಿಸುವ ಸ್ವಿ-ಸ್ನಫ್ ಎಂಬ ದೊಡ್ಡ ಪ್ರೋಟೀನ್ ಕೂಟವೂ ಇದೆ.

ಎಪಿಜೆನೆಟಿಕ್ ಎಂದು ಕರೆಯುವ ಈ ಗುರುತುಗಳು ಕೋಶ ಒಡೆದು ಎರಡಾದಾಗ ಮರಿಕೋಶಗಳಿಗೂ ದಾಟಬಲ್ಲವು, ಮತ್ತು ಅವುಗಳನ್ನು ಅಳಿಸಲೂ ಸಾಧ್ಯ. ರೂಪಾಂತರಗೊಂಡ ಜೀನನ್ನು ತಿದ್ದುವುದು ಕಷ್ಟ. ಕಿಣ್ವವನ್ನಾದರೆ ಮಾತ್ರೆಯಿಂದ ತಡೆಯಬಹುದು. ಈ ಕ್ಷೇತ್ರದಲ್ಲಿ ಇಷ್ಟು ಉತ್ಸಾಹ ತುಂಬಿದ ಆಸೆ ಇದೇ.

ಮೊದಲ ಸುಳಿವು

1994ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ವಿಲಿಯಂ ನೆಲ್ಸನ್ ಅವರ ತಂಡ ಜಿಎಸ್‌ಟಿಪಿ1 ಎಂಬ ಜೀನಿನ ಆರಂಭದ ಭಾಗ ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳಲ್ಲಿ ದಟ್ಟವಾಗಿ ಮಿಥೈಲ್ ಹೊದ್ದಿರುವುದನ್ನು ಕಂಡಿತು. ಕೋಶಕ್ಕೆ ಹಾನಿ ಮಾಡುವ ರಾಸಾಯನಿಕಗಳನ್ನು ನಿರ್ವಿಷಗೊಳಿಸುವುದು ಈ ಜೀನಿನ ಕೆಲಸ. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಗಡ್ಡೆಗಳಲ್ಲಿ ಅದು ಮೌನವಾಗಿರುವುದು ಮುಂದೆ ಖಚಿತವಾಯಿತು. ಇಷ್ಟು ಸರ್ವೇಸಾಮಾನ್ಯವಾದ ಬೇರೊಂದು ಬದಲಾವಣೆ ಈ ರೋಗದಲ್ಲಿ ಸಿಗುವುದು ಅಪರೂಪ. ಕ್ಯಾನ್ಸರ್ ಪೂರ್ವದ ಅಸಹಜ ಕೋಶಗಳಲ್ಲೂ ಅದು ಕಾಣಿಸುವುದರಿಂದ, ಎಪಿಜೆನೆಟಿಕ್ ಬದಲಾವಣೆ ರೋಗದ ಕೊನೆಗೆ ಬರುವ ವಿಕಾರವಲ್ಲ, ಆರಂಭದಲ್ಲೇ ಇರುತ್ತದೆ ಎಂಬ ವಾದಕ್ಕೆ ಬಲ ಬಂತು. ಬಯಾಪ್ಸಿಯಲ್ಲಿ ಏನೂ ಸಿಗದಿದ್ದರೂ ಅನುಮಾನ ಉಳಿದಾಗ ಈ ಮಿಥೈಲ್ ಗುರುತನ್ನು ಅದೇ ತುಣುಕಿನಲ್ಲಿ ಹುಡುಕುವ ವಾಣಿಜ್ಯ ಪರೀಕ್ಷೆಯೂ ಹುಟ್ಟಿತು.

ಆದರೆ ಕಾರಣ ಯಾವುದು, ಪರಿಣಾಮ ಯಾವುದು? ಆಸ್ಟ್ರೇಲಿಯಾದ ಸೂಸನ್ ಕ್ಲಾರ್ಕ್ ಅವರ ತಂಡ 2002ರಲ್ಲಿ ಮುಂದಿಟ್ಟ ಪುರಾವೆ ಮುಜುಗರ ತರುವಂಥದ್ದಾಗಿತ್ತು. ಜಿಎಸ್‌ಟಿಪಿ1 ಮೊದಲು ಬೇರೆ ಕಾರಣದಿಂದ ಮೌನವಾಗಿರಬೇಕು, ಅಲ್ಲೊಂದು ಇಲ್ಲೊಂದು ಮಿಥೈಲ್ ಬೀಜದಂತೆ ಬಿದ್ದಿರಬೇಕು. ಆಮೇಲೆ ಮಾತ್ರ ಗುರುತು ಜೀನಿನ ಉದ್ದಕ್ಕೂ ಹಬ್ಬುತ್ತದೆ ಎಂದು ಅವರ ಪ್ರಯೋಗಗಳು ಸೂಚಿಸಿದವು. ಅಂದರೆ ಡಿಎನ್‌ಎಂಟಿ ಬಾಗಿಲು ಮುಚ್ಚುವುದಿಲ್ಲ, ಆಗಲೇ ಮುಚ್ಚಿದ ಬಾಗಿಲಿಗೆ ಬೀಗ ಹಾಕುತ್ತದೆ. ಈ ಕ್ಷೇತ್ರದ ಮುಖ್ಯ ವಾದಗಳೆಲ್ಲ ಇದೇ ಪ್ರಶ್ನೆಯ ಸುತ್ತ ಬೆಳೆದಿವೆ.

ಮೌನವಾಗಿಸುವ ಕಿಣ್ವ ಎಂಬ ಪಂಥ

2002ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಸೂರ್ಯನಾರಾಯಣ ವಾರಂಬಳ್ಳಿ, ಅರುಳ್ ಚಿನ್ನಯ್ಯನ್ ಮತ್ತು ಸಂಗಡಿಗರ ಪ್ರಬಂಧ ಬಂತು. ಹಾರ್ಮೋನ್ ಚಿಕಿತ್ಸೆಗೆ ಬಗ್ಗದೆ ಹರಡಿದ ಗಡ್ಡೆಗಳಲ್ಲಿ ಇಝಡ್‌ಎಚ್2 ಮಿತಿಮೀರಿ ಇರುತ್ತದೆ, ಇನ್ನೂ ಗ್ರಂಥಿಯೊಳಗೇ ಇರುವ ಗಡ್ಡೆಯಲ್ಲಿ ಅದು ಹೆಚ್ಚಿದ್ದರೆ ಮುಂದೆ ರೋಗ ಕೆಡುವ ಸಂಭವ ಹೆಚ್ಚು ಎಂದು ಅವರು ತೋರಿಸಿದರು. ಅದೇ ವರ್ಷ ಬೇರೆ ಬೇರೆ ಪ್ರಯೋಗಾಲಯಗಳು ಇಝಡ್‌ಎಚ್2 ಹಿಸ್ಟೋನ್ ಎಚ್3ರ 27ನೇ ಲೈಸಿನ್‌ಗೆ ಮಿಥೈಲ್ ಹಚ್ಚುವ ಕಿಣ್ವ ಎಂದು ಕಂಡುಕೊಂಡವು. ಆ ಗುರುತು ಬಿದ್ದ ಜೀನುಗಳು ಸುಮ್ಮನಾಗುತ್ತವೆ. ಕಥೆ ಅಚ್ಚುಕಟ್ಟಾಗಿ ಕೂಡಿಬಂತು: ಕ್ಯಾನ್ಸರ್ ತಡೆಯುವ ಜೀನುಗಳನ್ನು ಇಝಡ್‌ಎಚ್2 ಮೌನವಾಗಿಸುತ್ತದೆ, ಗಡ್ಡೆ ಅಂಕೆ ತಪ್ಪುತ್ತದೆ. 2008ರಲ್ಲಿ ಅದೇ ತಂಡ ಇನ್ನೊಂದು ಕೊಂಡಿ ಸೇರಿಸಿತು. ಇಝಡ್‌ಎಚ್2ನ್ನು ಹದ್ದುಬಸ್ತಿನಲ್ಲಿಡುವ ಮೈಕ್ರೋಆರ್‌ಎನ್‌ಎ-101ರ ಜೀನನ್ನು ಗಡ್ಡೆಗಳು ರೋಗ ಮುಂದುವರಿದಂತೆ ಕಳೆದುಕೊಳ್ಳುತ್ತವೆ.

ಈ ಪಂಥ ಆರಂಭದ ಹಂತವನ್ನೂ ಕೋಶ ತನ್ನ ಪಕ್ವ ಸ್ವರೂಪ ಕಳೆದುಕೊಳ್ಳುವುದನ್ನೂ ಚೆನ್ನಾಗಿ ವಿವರಿಸುತ್ತದೆ. ಹಾರ್ಮೋನ್ ಇಲ್ಲದಾಗ ಗಡ್ಡೆ ಯಾವ ಬಲದಿಂದ ಬೆಳೆಯುತ್ತದೆ ಎಂಬುದಕ್ಕೆ ಮಾತ್ರ ಅದರಲ್ಲಿ ಉತ್ತರವಿಲ್ಲ.

ಗ್ರಾಹಿಯ ಜೊತೆಗಾರರು

ಎರಡನೆಯ ಪಂಥ ಆ ಪ್ರಶ್ನೆಯಿಂದಲೇ ಹೊರಡುತ್ತದೆ. ಅದರ ಪ್ರಕಾರ ಕಿಣ್ವಗಳ ಮುಖ್ಯ ಕೆಲಸ ಆಂಡ್ರೋಜನ್ ಗ್ರಾಹಿಗೆ ನೆರವಾಗುವುದು. ಹಾರ್ಮೋನು ಅಂಟಿಕೊಂಡಾಗ ಈ ಗ್ರಾಹಿ ಡಿಎನ್‌ಎಯ ಮೇಲೆ ಕೂತು ಜೀನುಗಳನ್ನು ಎಬ್ಬಿಸುತ್ತದೆ, ಆದರೆ ಒಂಟಿಯಾಗಿ ಅಲ್ಲ. ಪಿ300 ಬಂದು ಅಸಿಟೈಲ್ ಹಚ್ಚಬೇಕು, ಸ್ವಿ-ಸ್ನಫ್ ಜಾಗ ತೆರವು ಮಾಡಬೇಕು, ಬಿಆರ್‌ಡಿ4 ಎಂಬ ಪ್ರೋಟೀನು ಆ ಅಸಿಟೈಲನ್ನು ಗುರುತಿಸಬೇಕು.

2004ರಲ್ಲಿ ಹಾರ್ವರ್ಡ್‌ನ ಯಾಂಗ್ ಷಿ ತಂಡ ಎಲ್‌ಎಸ್‌ಡಿ1ನ್ನು ಪತ್ತೆ ಮಾಡುವವರೆಗೆ ಹಿಸ್ಟೋನಿನ ಮಿಥೈಲ್ ಒಮ್ಮೆ ಬಿದ್ದರೆ ಅಳಿಯದು ಎಂಬ ನಂಬಿಕೆಯೇ ಬಲವಾಗಿತ್ತು. ಮರುವರ್ಷವೇ ಜರ್ಮನಿಯ ಫ್ರೈಬರ್ಗ್‌ನಲ್ಲಿ ರೋಲಂಡ್ ಷ್ಯೂಲ ಅವರ ತಂಡ, ಎಲ್‌ಎಸ್‌ಡಿ1 ಆಂಡ್ರೋಜನ್ ಗ್ರಾಹಿಯ ಪಕ್ಕದಲ್ಲೇ ಕೂತು ಜೀನನ್ನು ಸುಮ್ಮನಿರಿಸುವ ಗುರುತನ್ನು ಅಳಿಸುತ್ತದೆ ಎಂದು ವರದಿ ಮಾಡಿತು. 2011ರಲ್ಲಿ ಬಾಸ್ಟನ್ನಿನ ಸ್ಟೀವನ್ ಬಾಕ್ ತಂಡ ಇದೇ ಕಿಣ್ವದ ಇನ್ನೊಂದು ಮುಖ ತೋರಿಸಿತು. ಹಾರ್ಮೋನು ಹೇರಳವಾಗಿದ್ದಾಗ ಗ್ರಾಹಿ ತನ್ನದೇ ಜೀನಿನ ಬಳಿಗೆ ಎಲ್‌ಎಸ್‌ಡಿ1ನ್ನು ಕರೆತಂದು ಅದನ್ನು ತಗ್ಗಿಸುತ್ತದೆ. ಚಿಕಿತ್ಸೆಯಿಂದ ಹಾರ್ಮೋನು ಬತ್ತಿದಾಗ ಈ ಲಗಾಮು ಸಡಿಲವಾಗಿ ಗ್ರಾಹಿಯ ಉತ್ಪಾದನೆ ಏರುತ್ತದೆ. ಅಲ್ಪಸ್ವಲ್ಪ ಉಳಿದ ಹಾರ್ಮೋನನ್ನೂ ಹಿಡಿಯಲು ಆಗ ಹೆಚ್ಚು ಗ್ರಾಹಿಗಳಿರುತ್ತವೆ. ನಾವು ಕೊಟ್ಟ ಚಿಕಿತ್ಸೆಯೇ ಪ್ರತಿರೋಧಕ್ಕೆ ದಾರಿಮಾಡುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಕೆಲಸ ಕಡಿಮೆ. ಒಂದೇ ಕಿಣ್ವ ಒಂದು ಜಾಗದಲ್ಲಿ ಎಬ್ಬಿಸುತ್ತದೆ, ಇನ್ನೊಂದು ಜಾಗದಲ್ಲಿ ಮಲಗಿಸುತ್ತದೆ.

ಮೊದಲ ಪಂಥದ ನಾಯಕನಂತಿದ್ದ ಇಝಡ್‌ಎಚ್2 ಕೂಡ 2012ರಲ್ಲಿ ಈ ಕಡೆ ವಾಲಿತು. ಬಾಸ್ಟನ್ನಿನ ಡೇನಾ-ಫಾರ್ಬರ್ ಸಂಸ್ಥೆಯ ಮೈಲ್ಸ್ ಬ್ರೌನ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಕಾರ, ಹಾರ್ಮೋನಿಗೆ ಬಗ್ಗದ ಕೋಶಗಳಲ್ಲಿ ಇಝಡ್‌ಎಚ್2 ಅನೇಕ ಕಡೆ ತನ್ನ ಎಂದಿನ ಮೌನದ ಗುರುತನ್ನು ಹಾಕದೆಯೇ ಕೂತಿರುತ್ತದೆ, ಅಲ್ಲಿನ ಜೀನುಗಳು ಎಚ್ಚರವಾಗಿರುತ್ತವೆ. ಕಿಣ್ವದ 21ನೇ ಸೆರಿನ್ ಮೇಲೆ ಬೀಳುವ ಒಂದು ಫಾಸ್ಫೇಟ್ ಈ ಪಾತ್ರ ಬದಲಾವಣೆಗೆ ಕಾರಣ. ಆದರೂ ಆ ಹೊಸ ಕೆಲಸಕ್ಕೆ ಮಿಥೈಲ್ ಹಚ್ಚುವ ಸಾಮರ್ಥ್ಯ ಬೇಕೇಬೇಕು ಎಂದು ಅವರು ಕಂಡರು. 2018ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಜಿಂದಾನ್ ಯು ತಂಡ ಅದನ್ನೂ ದಾಟಿತು: ಇಝಡ್‌ಎಚ್2 ಆಂಡ್ರೋಜನ್ ಗ್ರಾಹಿಯ ಜೀನನ್ನು ನೇರವಾಗಿ ಎಬ್ಬಿಸುತ್ತದೆ, ಅದಕ್ಕೆ ಮಿಥೈಲ್ ಹಚ್ಚುವ ಗುಣವೇ ಬೇಕಿಲ್ಲ. ಇದು ನಿಜವಾದರೆ ಕಿಣ್ವದ ಕ್ರಿಯೆಯನ್ನು ಮಾತ್ರ ತಡೆಯುವ ಮಾತ್ರೆ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ಎಲ್‌ಎಸ್‌ಡಿ1 ಬಗ್ಗೆಯೂ ಅದೇ ವರ್ಷ ಇಂಥದ್ದೇ ವರದಿ ಬಂತು. ಕಿಣ್ವವನ್ನು ತಡೆದರೆ ಸಾಲದು, ಪ್ರೋಟೀನನ್ನೇ ಕೋಶದಿಂದ ಇಲ್ಲವಾಗಿಸಬೇಕು ಎಂಬ ವಾದಕ್ಕೆ ಇಲ್ಲಿ ಗಟ್ಟಿ ಆಧಾರವಿದೆ ಎಂದು ನನಗನ್ನಿಸುತ್ತದೆ.

ಗುರುತು ಬದಲಿಸುವ ಕೋಶ

ಕೆಲವು ರೋಗಿಗಳಲ್ಲಿ ಗಡ್ಡೆ ಆಂಡ್ರೋಜನ್ ಗ್ರಾಹಿಯ ಹಂಗನ್ನೇ ತೊರೆಯುತ್ತದೆ. ಗ್ರಂಥಿಕೋಶವಾಗಿದ್ದದ್ದು ನರಕೋಶದ ಲಕ್ಷಣ ತೋರುವ ನ್ಯೂರೋಎಂಡೋಕ್ರೈನ್ ಕೋಶವಾಗುತ್ತದೆ. ರೋಗ ಯಕೃತ್ತಿಗೆ, ಮೂಳೆಗೆ ಹಬ್ಬುತ್ತಿದ್ದರೂ ರೋಗದ ಜಾಡು ಹಿಡಿಯಲು ರಕ್ತದಲ್ಲಿ ಅಳೆಯುವ ಪಿಎಸ್‌ಎ ಏರದೆ ಇರಬಹುದು. ಬಲವಾದ ಹೊಸ ಔಷಧಿಗಳು ಬಂದ ಮೇಲೆ ಈ ರೂಪ ಹೆಚ್ಚು ಕಾಣಸಿಗುತ್ತಿದೆ.

2016ರಲ್ಲಿ ಹಿಮಿಶಾ ಬೆಲ್ಟ್ರಾನ್ ಮತ್ತು ಸಂಗಡಿಗರು ಇಂಥ ಗಡ್ಡೆಗಳನ್ನು ಸಾಮಾನ್ಯ ಪ್ರತಿರೋಧಿ ಗಡ್ಡೆಗಳ ಜೊತೆ ಹೋಲಿಸಿದರು. ಡಿಎನ್‌ಎ ಅಕ್ಷರಗಳ ಮಟ್ಟದಲ್ಲಿ ಎರಡೂ ಬಹಳ ಹತ್ತಿರ. ಮಿಥೈಲ್ ಗುರುತುಗಳ ನಕ್ಷೆ ಮಾತ್ರ ಸ್ಪಷ್ಟವಾಗಿ ಬೇರೆ. ಮೂರನೆಯ ಪಂಥದ ಕೇಂದ್ರ ಸಾಕ್ಷ್ಯ ಇದು: ಕೋಶದ ಗುರುತನ್ನು ಕಾಯುವುದೂ ಕೆಡಿಸುವುದೂ ಎಪಿಜೆನೆಟಿಕ್ ಕಿಣ್ವಗಳೇ. ಮರುವರ್ಷ ಅಮೆರಿಕದ ರೋಸ್‌ವೆಲ್ ಪಾರ್ಕ್‌ನ ತಂಡ ಇಲಿಗಳಲ್ಲಿ ಆರ್‌ಬಿ1 ಮತ್ತು ಪಿ53 ಜೀನುಗಳನ್ನು ಕಿತ್ತಾಗ ಗಡ್ಡೆ ಹೀಗೆಯೇ ಬದಲಾಯಿತು. ಇಝಡ್‌ಎಚ್2 ತಡೆಯುವ ಔಷಧಿ ಕೊಟ್ಟಾಗ ಆಂಡ್ರೋಜನ್ ಗ್ರಾಹಿ ಮರಳಿತು, ಎನ್ಜಲುಟಮೈಡ್ ಮತ್ತೆ ಕೆಲಸ ಮಾಡಿತು. 2025ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಮೈಕೆಲ್ ಷೆನ್ ತಂಡ ಎನ್‌ಎಸ್‌ಡಿ2 ಎಂಬ ಇನ್ನೊಂದು ಮಿಥೈಲ್ ಕಿಣ್ವವನ್ನು ತಡೆದು, ಪ್ರಯೋಗಾಲಯದಲ್ಲಿ ಬೆಳೆಸಿದ ಗಡ್ಡೆಗಳಲ್ಲಿ ಇದೇ ಬಗೆಯ ಮರುಪ್ರಯಾಣ ತೋರಿಸಿತು. ಹಾದಿತಪ್ಪಿದ ಕೋಶವನ್ನು ಕೊಲ್ಲುವ ಬದಲು ಹಿಂದಕ್ಕೆ ಕರೆತರಬಹುದು ಎಂಬ ಈ ಯೋಚನೆ ಕ್ಯಾನ್ಸರ್ ಚಿಕಿತ್ಸೆಯ ರೂಢಿಗಿಂತ ತೀರಾ ಬೇರೆ. ರೋಗಿಗಳಲ್ಲಿ ಇದು ಸಾಧ್ಯವೇ ಎಂಬುದು ಇನ್ನೂ ಸಾಬೀತಾಗಬೇಕು.

ಒಪ್ಪದವರ ಮಾತು

ನಾಲ್ಕನೆಯ ಗುಂಪು ಒಂದು ಪಂಥವಾಗಿ ಸಂಘಟಿತವಾಗಿಲ್ಲ, ಆದರೆ ಅವರ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಇಝಡ್‌ಎಚ್2ರ ಉತ್ಪಾದನೆಯನ್ನು ನಿಯಂತ್ರಿಸುವುದು ಇ2ಎಫ್ ಎಂಬ ಅಂಶ, ಕೋಶ ವಿಭಜನೆಗೆ ಸಜ್ಜಾದಾಗಲೆಲ್ಲ ಅದು ಚುರುಕಾಗುತ್ತದೆ ಎಂದು 2003ರಲ್ಲೇ ಗೊತ್ತಾಗಿತ್ತು. ವೇಗವಾಗಿ ಬೆಳೆಯುವ ಗಡ್ಡೆಯಲ್ಲಿ ಇಝಡ್‌ಎಚ್2 ಹೆಚ್ಚಿರುವುದು ಬೆಳವಣಿಗೆಯ ಗುರುತಷ್ಟೇ ಏಕಾಗಿರಬಾರದು? ಆರ್‌ಬಿ1 ಹೋದರೆ ಇ2ಎಫ್ ಸ್ವತಂತ್ರವಾಗುತ್ತದೆ, ಇಝಡ್‌ಎಚ್2 ಏರುತ್ತದೆ. ಹಾಗಾದರೆ ಮೂಲ ಅಪರಾಧಿ ಜೀನಿನ ನಷ್ಟ, ಕಿಣ್ವ ಅದರ ಹಿಂಬಾಲಕ.

ಗಡ್ಡೆಗಳ ಜೀನ್ ಸಮೀಕ್ಷೆಗಳೂ ಈ ವಾದಕ್ಕೆ ಅರ್ಧ ಒತ್ತಾಸೆ ಕೊಡುತ್ತವೆ. 2015ರಲ್ಲಿ ಪ್ರಕಟವಾದ ಟಿಸಿಜಿಎ ಎಂಬ ಕ್ಯಾನ್ಸರ್ ಜೀನ್ ಯೋಜನೆ 333 ಆರಂಭಿಕ ಗಡ್ಡೆಗಳನ್ನು ಓದಿತು, ಸುಮಾರು ಶೇ. 1ರಷ್ಟರಲ್ಲಿ ಐಡಿಎಚ್1 ಜೀನಿನ ರೂಪಾಂತರವಿತ್ತು, ಆ ಗಡ್ಡೆಗಳಲ್ಲೆಲ್ಲ ಮಿಥೈಲ್ ವಿಪರೀತ ಹೆಚ್ಚಿತ್ತು. 2020ರಲ್ಲಿ ಹರಡಿದ 100 ಗಡ್ಡೆಗಳ ಪೂರ್ಣ ಮಿಥೈಲ್ ನಕ್ಷೆ ಬಂದಾಗಲೂ ಮಿಥೈಲ್ ತುಂಬಿದ ಒಂದು ಗುಂಪಿನಲ್ಲಿ ಟೆಟ್2, ಡಿಎನ್‌ಎಂಟಿ3ಬಿ, ಐಡಿಎಚ್1 ಮತ್ತು ಬಿಆರ್‌ಎಎಫ್ ಜೀನುಗಳ ರೂಪಾಂತರಗಳು ಕೂಡಿಕೊಂಡಿದ್ದವು. ಅಕ್ಷರ ಕೆಟ್ಟಾಗ ಗುರುತೂ ಕೆಡುತ್ತದೆ ಎಂಬುದಕ್ಕೆ ಇವು ಸಾಕ್ಷಿ. ಆದರೆ ಬಹುಪಾಲು ಗಡ್ಡೆಗಳಲ್ಲಿ ಇಂಥ ರೂಪಾಂತರವಿಲ್ಲದೆಯೇ ಗುರುತುಗಳು ಅಸ್ತವ್ಯಸ್ತವಾಗಿವೆ. ಹಿಂಬಾಲಕ ಎಂದು ಕರೆದರೂ, ಅದನ್ನು ತಡೆದಾಗ ಗಡ್ಡೆ ಸೊರಗುವುದಾದರೆ ಚಿಕಿತ್ಸೆಯ ದೃಷ್ಟಿಯಿಂದ ಅದರ ಮಹತ್ವ ಕುಗ್ಗುವುದಿಲ್ಲ.

ಔಷಧಿಗಳು ಹೇಳಿದ್ದು

ಆರಂಭದ ಅನುಭವ ನಿರಾಸೆಯದು. 1998ರಲ್ಲಿ ಡಿಎನ್‌ಎಂಟಿ ತಡೆಯುವ ಡೆಸಿಟಬಿನ್ನನ್ನು 14 ರೋಗಿಗಳಿಗೆ ಕೊಟ್ಟು ನೋಡಿದಾಗ ಫಲ ಅಲ್ಪವಾಗಿತ್ತು. ವೊರಿನೋಸ್ಟಾಟ್‌ನಂಥ ಎಚ್‌ಡಿಎಸಿ ತಡೆಗಳು ರಕ್ತದ ಕ್ಯಾನ್ಸರುಗಳಲ್ಲಿ ಹೆಸರು ಮಾಡಿದರೂ ಇಲ್ಲಿ ಅಡ್ಡಪರಿಣಾಮವೇ ಹೆಚ್ಚಾಯಿತು. ಒಂದೆರಡಲ್ಲ, ಹಲವು ಬಗೆಯ ಎಚ್‌ಡಿಎಸಿಗಳನ್ನು ಒಟ್ಟಿಗೆ ಹೊಡೆಯುವ ಒರಟು ಉಪಾಯ ಅದು.

ಇಝಡ್‌ಎಚ್2 ತಡೆಯುವ ಟಾಜೆಮೆಟೋಸ್ಟಾಟ್ 2020ರಲ್ಲಿ ಒಂದು ಬಗೆಯ ಸಾರ್ಕೋಮಾಗೂ ಲಿಂಫೋಮಾಗೂ ಅಮೆರಿಕದಲ್ಲಿ ಮಂಜೂರಾಯಿತು. ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಗಮನ ಸೆಳೆದದ್ದು ಅದೇ ಕಿಣ್ವವನ್ನು ತಡೆಯುವ ಮೆವ್ರೊಮೆಟೋಸ್ಟಾಟ್. 2025ರಲ್ಲಿ ಮಂಡಿಸಿದ ಒಂದು ಸಣ್ಣ ತೌಲನಿಕ ಪ್ರಯೋಗದಲ್ಲಿ, ಅಬಿರಾಟೆರೋನ್ ಕೈಕೊಟ್ಟ 81 ರೋಗಿಗಳಲ್ಲಿ ಎನ್ಜಲುಟಮೈಡ್ ಒಂದನ್ನೇ ಪಡೆದವರ ರೋಗ ಸ್ಕ್ಯಾನಿನಲ್ಲಿ ಮುಂದುವರಿಯಲು ಹಿಡಿದ ಮಧ್ಯಾಂಕ ಅವಧಿ 6.2 ತಿಂಗಳು, ಜೊತೆಗೆ ಮೆವ್ರೊಮೆಟೋಸ್ಟಾಟ್ ಪಡೆದವರಲ್ಲಿ 14.3 ತಿಂಗಳು. ಭೇದಿ ಹೆಚ್ಚಾಗಿ ಕಾಡಿತು. ಸಂಖ್ಯೆ ಸಣ್ಣದು, ಆದರೂ ಎರಡು ದಶಕಗಳ ವಾದಕ್ಕೆ ಮನುಷ್ಯರಿಂದ ಬಂದ ಒಳ್ಳೆಯ ಸೂಚನೆ ಇದು. ಇದರ ಬೆನ್ನಿಗೇ ದೊಡ್ಡ ಮೂರನೇ ಹಂತದ ಪ್ರಯೋಗಗಳನ್ನು ಕೈಗೊಳ್ಳಲಾಗಿದೆ.

ಪ್ರೋಟೀನನ್ನೇ ಇಲ್ಲವಾಗಿಸುವ ದಾರಿಯಲ್ಲಿ ಬೆಂಗಳೂರಿನ ಕೊಡುಗೆ ದೊಡ್ಡದು. 2022ರಲ್ಲಿ ‘ನೇಚರ್’ನಲ್ಲಿ ಚಿನ್ನಯ್ಯನ್ ತಂಡ ವರದಿ ಮಾಡಿದ ಎಯು-15330 ಎಂಬ ಅಣು ಇಲ್ಲಿನ ಆರಿಜೀನ್ ಸಂಸ್ಥೆಯ ಜೊತೆಗೂಡಿ ರೂಪಿಸಿದ್ದು. ಅದು ಸ್ವಿ-ಸ್ನಫ್ ಕೂಟದ ಎಟಿಪಿ ಬಳಸುವ ಕಿಣ್ವಗಳನ್ನು ಕೋಶದ ಕಸ ವಿಲೇವಾರಿ ವ್ಯವಸ್ಥೆಗೆ ಹಿಡಿದುಕೊಡುತ್ತದೆ. ಆಗ ಗ್ರಾಹಿ ಕೂರಬೇಕಾದ ಜಾಗಗಳೇ ಮುಚ್ಚಿಹೋಗುತ್ತವೆ. ಇಲಿಗಳಲ್ಲಿ ಗಡ್ಡೆ ಕುಗ್ಗಿತು, ಎನ್ಜಲುಟಮೈಡ್ ಜೊತೆ ಪರಿಣಾಮ ಇನ್ನೂ ಹೆಚ್ಚಿತು.

ಅದಕ್ಕೂ ಮೊದಲು, 2003 ಮತ್ತು 2004ರಲ್ಲಿ, ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ ಪಿ300 ಕಿಣ್ವವನ್ನು ತಡೆಯುವ ಅಣುಗಳನ್ನು ಗೇರುಬೀಜದ ಸಿಪ್ಪೆಯ ಎಣ್ಣೆಯಲ್ಲಿ, ಪುನರ್ಪುಳಿಯಲ್ಲಿ, ಅರಿಶಿನದಲ್ಲಿ ಗುರುತಿಸಿತ್ತು. ಕರಾವಳಿಯ ಓದುಗರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಪ್ರಯೋಗನಳಿಕೆಯಲ್ಲಿ ಕಿಣ್ವ ತಡೆಯುವುದು ಬೇರೆ, ಪುನರ್ಪುಳಿ ಶರಬತ್ತು ಕುಡಿದು ಗಡ್ಡೆ ಕುಗ್ಗುವುದು ಬೇರೆ. ಎರಡನೆಯದಕ್ಕೆ ಆಧಾರವಿಲ್ಲ, ಅದನ್ನು ನಂಬಿ ಚಿಕಿತ್ಸೆ ಮುಂದೂಡಿದರೆ ಪ್ರಾಣಕ್ಕೆ ಅಪಾಯ. ಆ ಕೆಲಸದ ಬೆಲೆ ಪಿ300ನ್ನು ಸಣ್ಣ ಅಣುವಿನಿಂದ ತಡೆಯಬಹುದೆಂದು ತೋರಿಸಿದ್ದರಲ್ಲಿದೆ. ಇಂದು ಇನೋಬ್ರೋಡಿಬ್‌ನಂಥ ಔಷಧಿಗಳು ಅದೇ ಗುರಿಯ ಮೇಲೆ ಪರೀಕ್ಷೆಯಲ್ಲಿವೆ.

ಇತ್ಯರ್ಥವಾಗದ ಪ್ರಶ್ನೆಗಳು

ಮೂರೂ ಪಂಥಗಳನ್ನು ಒಂದೇ ರೋಗದ ಮೂರು ಹಂತಗಳೆಂದು ಓದುವುದು ಸರಿ ಎಂದು ನನ್ನ ತಿಳಿವಳಿಕೆ. ಆರಂಭದಲ್ಲಿ ಮೌನವಾಗಿಸುವಿಕೆ, ನಡುವೆ ಗ್ರಾಹಿಯ ಸಾಂಗತ್ಯ, ಕೊನೆಗೆ ಗುರುತಿನ ಬದಲಾವಣೆ. ಆದರೆ ಒಬ್ಬ ರೋಗಿಯ ಗಡ್ಡೆಯಲ್ಲಿ ಇವತ್ತು ಇಝಡ್‌ಎಚ್2 ಯಾವ ಕೆಲಸದಲ್ಲಿದೆ ಎಂದು ಹೇಳುವ, ದಿನನಿತ್ಯ ಬಳಸಬಹುದಾದ ಪರೀಕ್ಷೆ ಆಸ್ಪತ್ರೆಗಳಲ್ಲಿಲ್ಲ. ರಕ್ತದಲ್ಲಿ ತೇಲುವ ಗಡ್ಡೆಯ ಡಿಎನ್‌ಎಯ ಮಿಥೈಲ್ ಗುರುತುಗಳಿಂದ ನ್ಯೂರೋಎಂಡೋಕ್ರೈನ್ ತಿರುವನ್ನು ಹಿಡಿಯಬಹುದೆಂಬ ಭರವಸೆ ಇದೆ. ತಿರುವಿಗೆ ಎಷ್ಟು ಮೊದಲು ಅದು ಕಾಣುತ್ತದೆ ಎಂಬುದು ಸ್ಪಷ್ಟವಾಗಬೇಕಿದೆ.

ಗುರುತುಗಳು ನಿಜಕ್ಕೂ ಎಷ್ಟು ಸುಲಭವಾಗಿ ಅಳಿಯುತ್ತವೆ ಎಂಬುದೂ ವಿವಾದದಲ್ಲಿದೆ. 2013ರಲ್ಲಿ ಜಾನ್ಸ್ ಹಾಪ್ಕಿನ್ಸ್ ತಂಡ ಮೃತ ರೋಗಿಗಳ ಗಡ್ಡೆಗಳನ್ನು ಪರಿಶೀಲಿಸಿದಾಗ, ಒಬ್ಬನ ದೇಹದಲ್ಲಿ ಬೇರೆ ಬೇರೆ ಕಡೆ ಹರಡಿದ ಗಡ್ಡೆಗಳೆಲ್ಲ ಬಹುಮಟ್ಟಿಗೆ ಒಂದೇ ಮಿಥೈಲ್ ನಕ್ಷೆಯನ್ನು ಉಳಿಸಿಕೊಂಡಿದ್ದವು. ಇಷ್ಟು ಸ್ಥಿರವಾದದ್ದನ್ನು ಮಾತ್ರೆ ಅಲುಗಿಸಬಲ್ಲದೇ? ಹಿಸ್ಟೋನಿನ ಗುರುತು ಸಡಿಲ, ಡಿಎನ್‌ಎ ಮಿಥೈಲ್ ಗಟ್ಟಿ ಎಂಬ ಊಹೆ ಇದ್ದರೂ ಎರಡರ ನಡುವಿನ ನಂಟು ಪೂರ್ತಿ ಬಿಡಿಸಿಲ್ಲ.

ಸುರಕ್ಷತೆಯ ಪ್ರಶ್ನೆ ಇನ್ನೂ ಗಂಭೀರ. ಕೆಲವು ರಕ್ತದ ಕಾಯಿಲೆಗಳಲ್ಲಿ ಇಝಡ್‌ಎಚ್2ರ ನಷ್ಟವೇ ಕ್ಯಾನ್ಸರಿಗೆ ದಾರಿಯಾಗುತ್ತದೆ. ಟಾಜೆಮೆಟೋಸ್ಟಾಟ್ ಜೊತೆ ಕೊಡುವ ಎಚ್ಚರಿಕೆಯಲ್ಲಿ ಎರಡನೆಯ ಕ್ಯಾನ್ಸರಿನ ಅಪಾಯವನ್ನು ಹೆಸರಿಸಲಾಗಿದೆ. ಕೊನೆಯ ಹಂತದ ರೋಗಿ ಆ ಅಪಾಯವನ್ನು ಒಪ್ಪಬಹುದು. ಆರಂಭದ ಹಂತದಲ್ಲೇ ಈ ಔಷಧಿ ಕೊಟ್ಟು ಪ್ರತಿರೋಧವನ್ನು ತಡೆಯಬೇಕೆನ್ನುವವರು, ಹತ್ತು ಹದಿನೈದು ವರ್ಷ ಬದುಕಲಿರುವ ಮನುಷ್ಯನಿಗೆ ಯಾವ ಲೆಕ್ಕ ಕೊಡಬೇಕು?

ಈ ನಕ್ಷೆಗಳು ಯಾರ ಗಡ್ಡೆಗಳಿಂದ ಬಂದಿವೆ ಎಂಬುದನ್ನೂ ಕೇಳಬೇಕು. ಮೇಲೆ ಹೇಳಿದ ದೊಡ್ಡ ಸಮೀಕ್ಷೆಗಳ ಬಹುಪಾಲು ಮಾದರಿಗಳು ಉತ್ತರ ಅಮೆರಿಕದ ಬಿಳಿಯರವು. ಭಾರತದಲ್ಲಿ ರೋಗ ಗೊತ್ತಾಗುವ ಹೊತ್ತಿಗೆ ಅನೇಕರಲ್ಲಿ ಅದು ಮೂಳೆಗೆ ಇಳಿದಿರುತ್ತದೆ. ನಮ್ಮ ರೋಗಿಗಳ ಗಡ್ಡೆಗಳಲ್ಲಿ ಈ ಕಿಣ್ವಗಳ ಹಂಚಿಕೆ ಅದೇ ಬಗೆಯದೇ, ವೃಷಣ ತೆಗೆಸಿಕೊಂಡು ಹೊಸ ಮಾತ್ರೆಗಳನ್ನು ಕಾಣದೆ ಉಳಿದವರಲ್ಲಿ ಗುರುತಿನ ಬದಲಾವಣೆ ಅಷ್ಟೇ ಪ್ರಮಾಣದಲ್ಲಿ ಆಗುತ್ತದೆಯೇ ಎಂಬ ಪ್ರಶ್ನೆಗಳಿಗೆ ಆ ಸಮೀಕ್ಷೆಗಳಿಂದ ಉತ್ತರ ಸಿಗದು. ಅದಕ್ಕೆ ಇಲ್ಲಿನ ಬಯಾಪ್ಸಿಗಳನ್ನೇ ಓದಬೇಕು.